ಇಸಾಯ್‌ಗೆ ಸಿಕ್ಕ ರಿಬ್ಬನ್

ಸಾವಿನ ಮನೆಗೆ ಹೋದವರು ನೆಟ್ಟಗೆ ಮನೆಗೆ ಬರಬಾರದು. ನಮ್ಮ ತಾಯಾಬಸ್ ಊರಿನಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ದಾರಿಯಲ್ಲಿ ಯಾವುದಾದರೂ ಅಂಗಡಿಯಲ್ಲಿ ಕೂತು, ಏನಾದರೂ ಕುಡಿದು, ಬೆನ್ನು ಹತ್ತಿ ಬಂದಿರಬಹುದಾದ ಸತ್ತವರನ್ನು ಅಲ್ಲೇ ಬಿಟ್ಟು, ತಿರುಗಿ ನೋಡದೆ ಬರಬೇಕು. ಇಸಾಯ್‌ಗೂ ಗೊತ್ತಿತ್ತು. ಗೊತ್ತಿದ್ದೂ ಎಡವಿದಳಲ್ಲ, ಪುಣ್ಯಾತ್ಗಿತ್ತಿ!

ಪಾಪ, ಅವಳನ್ನೊಬ್ಬಳನ್ನೇ ಬೈದು ಏನು ಬಂತು? ಪರೀಕ್ಷೆಯ ವಾರ. ಹತ್ತನೇ ತರಗತಿಯ ಮಕ್ಕಳಿಗೆಲ್ಲ ನಿದ್ದೆಗೆಟ್ಟು ತಲೆ ಚಿಟ್ಟು ಹಿಡಿದಿತ್ತು. ಅದರ ನಡುವೆಯೇ ಹಿಂದುಮುಂದು ಯಾರೂ ಇಲ್ಲದ ಮುದುಕಿ ಚಾಯೋಂಗ್ ತೀರಿಕೊಂಡಳು. ಹೂಳುವವರೆಗೆ ದಿನಗಟ್ಟಲೆ ಶವದ ಪಕ್ಕ ಕೂರಲು ಒಂದು ನರಪಿಳ್ಳೆಯೂ ಇಲ್ಲವೆಂದು ಈ ಮಕ್ಕಳೇ ಸರದಿಯಲ್ಲಿ ಕೂತರು, ಬಂದವರಿಗೆ ಕಾಫಿ ಕಾಸಿ ಕೊಟ್ಟರು. ಎಲ್ಲರಿಗಿಂತ ಹೆಚ್ಚು ಕೂತವಳು ಇಸಾಯ್. ಕೊನೆಯ ದಿನ ಮಾತ್ರ, ನಾಳೆ ಗಣಿತವಿದೆ ಅಂತ, ಅಂಗಡಿ ಕಡೆ ತಲೆಯೂ ಹಾಕದೆ ಒಂದೇ ಉಸಿರಿಗೆ ಮನೆಗೆ ಓಡಿದಳು.

ಅಮ್ಮ ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿದ್ದಳು. ಇಸಾಯ್‌ಳನ್ನು ಸಾಕಿದ್ದು ಅಜ್ಜಿ. ನಮ್ಮಲ್ಲಿ ಅಜ್ಜಿಯರನ್ನೆಲ್ಲ ಲೋಲಾ ಅನ್ನುತ್ತಾರೆ. ಅಂದು ಊಟಕ್ಕೆ ಲೋಲಾ ಮೂರು ತಟ್ಟೆ ಇಟ್ಟಳು.

"ಮೂರ್ಯಾಕೆ ಲೋಲಾ? ಇರೋದು ನಾವಿಬ್ರೇ."

"ನಿನ್ ಜೊತೆ ಬಂದೋರ್ನ ಬಾಗ್ಲಲ್ಲೇ ನಿಲ್ಸ್ತೀಯೇನೇ?" ಅಂದಳು ಲೋಲಾ, ಅನ್ನ ಬಡಿಸುತ್ತಾ.

ಇಸಾಯ್‌ಗೆ ಅಂಗಡಿಗೆ ಹೋಗದೆ ಬಂದದ್ದು ನೆನಪಾಯಿತು. ಬೆನ್ನು ಹತ್ತಿ ಬಂದವರು ಬರಿಗೈಲಿ ಹೋಗುವುದಿಲ್ಲ, ಮನೆಯವರಲ್ಲೊಬ್ಬರನ್ನು ಕರಕೊಂಡೇ ಹೋಗುತ್ತಾರೆ ಎನ್ನುತ್ತಾರೆ. ಲೋಲಾಗೆ ಮೊದಲೇ ಹೃದಯದ ಕಾಯಿಲೆ. ಅಂದಿನಿಂದ ಪುಸ್ತಕ ತೆರೆದರೂ ಕಿವಿಯೆಲ್ಲ ಲೋಲಾಳ ಉಸಿರಿನ ಮೇಲೆ. ಒಂದೊಂದು ಸಲ ಆ ಕೋಣೆಯಿಂದ ಇಬ್ಬರ ಉಸಿರು ಕೇಳುತ್ತಿತ್ತು.

ಪರೀಕ್ಷೆ ಮುಗಿದ ಮಧ್ಯಾಹ್ನವೇ ಶಾಲೆಯಲ್ಲಿ ಆ ಮಕ್ಕಳಿಗೆ ಸನ್ಮಾನ. ಅಂಕ ಯಾರು ಬೇಕಾದರೂ ತೆಗೀತಾರೆ, ಯಾರೂ ಇಲ್ಲದವರಿಗೆ ನೀವು ನೆಂಟರಾದಿರಿ ಅಂತ ಲುವಲ್ಹಾತಿ ಟೀಚರ್ ಹೊಗಳಿದರು. ಮಕ್ಕಳ ಎದೆಗೆ ರಿಬ್ಬನ್ ಚುಚ್ಚುವುದು ಹೆತ್ತವರು, ಇಲ್ಲವೇ ಸಾಕಿದವರು. ಇಸಾಯ್‌ಳ ಹೆಸರು ಕೂಗಿದಾಗ ಲೋಲಾ ಏದುಸಿರು ಬಿಡುತ್ತಾ ಎದ್ದಳು. ಇಸಾಯ್ ವೇದಿಕೆಯ ಮೇಲೆ ನಾಚಿ ತಲೆ ಬಗ್ಗಿಸಿ ನಿಂತಳು. ಐಸಿನಂಥ ಬೆರಳುಗಳು ಎದೆಯ ಹತ್ತಿರ ಆಡಿದವು. ತಲೆ ಎತ್ತಿದರೆ ಲೋಲಾ ಇನ್ನೂ ಮೆಟ್ಟಿಲ ಮೇಲೇ ಇದ್ದಳು. ರಿಬ್ಬನ್ ಆಗಲೇ ಎದೆಯ ಮೇಲಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು.

ಇವತ್ತು ಇದಕ್ಕೊಂದು ಗತಿ ಕಾಣಿಸಲೇಬೇಕು ಅಂತ ಇಸಾಯ್ ಲೋಲಾಳನ್ನು ನೇರ ಮಾಂಗ್ ಅಂಬೋನ ಅಂಗಡಿಗೆ ಕರೆದೊಯ್ದಳು. ಎರಡು ಶರಬತ್ತು ಅಂದಳು. ಅಂಬೋ ಮೂರು ಲೋಟ ತಂದಿಟ್ಟ. ಇಸಾಯ್ ಆ ಮೂರನೆಯದನ್ನು ಮುಟ್ಟಲಿಲ್ಲ. ಕುಡಿದಾದ ಮೇಲೆ ರಿಬ್ಬನ್ ಬಿಚ್ಚಿ ಮೂರನೇ ಲೋಟದ ಪಕ್ಕ ಇಟ್ಟಳು.

"ಇದು ನಿಮ್ಗೇ ಸೇರ್ಬೇಕು, ಲೋಲಾ ಚಾಯೋಂಗ್," ಅಂತ ಪಿಸುಗುಟ್ಟಿದಳು. "ಇಲ್ಲೇ ಇದ್ಬಿಡಿ. ನಮ್ ಲೋಲಾನ ಮಾತ್ರ ಬಿಟ್ಬಿಡಿ."

ತನ್ನ ಲೋಲಾಗೆ ಏಳು ಅಂತ ಹೇಳಿ, ತಿರುಗದೆ ಹೊರಟಳು. ಹಿಂದೆ ಚಪ್ಪಲಿಯ ಸದ್ದು ಬಂತು, ಲೋಲಾಳದೇ ನಿಧಾನದ ನಡಿಗೆ. ದೂರದಿಂದ ಯಾರೋ ತನ್ನ ಹೆಸರು ಕೂಗಿದ ಹಾಗಾಯಿತು. ಇಂಥ ಕೂಗಿಗೆ ತಿರುಗಿದರೆ ಕೆಟ್ಟೆ ಅಂತ ಹಲ್ಲು ಕಚ್ಚಿ ನಡೆದಳು. ಮನೆ ಸೇರಿ ಬಾಗಿಲು ತೆರೆದು ಒಲೆಯ ಕಡೆ ಹೋದಳು. ಚಪ್ಪಲಿ ಒಳಗೆ ಬಂತು, ಕುರ್ಚಿ ಕಿರ್ ಅಂದಿತು.

"ತೊಲಗ್ತು ಲೋಲಾ," ಅಂದಳು ಇಸಾಯ್. ಆ ವಾರವೆಲ್ಲ ಬಾರದ ನಗು ಈಗ ಬಂತು.

ಫೋನ್ ಬಂತು. ಮಾಂಗ್ ಅಂಬೋ.

"ಎಂಥ ಹುಡ್ಗೀನಮ್ಮ ನೀನು? ನಿಮ್ ಲೋಲಾ ಮಂಡಿ ಹಿಡ್ಕೊಂಡು ಇಲ್ಲೇ ಕೂತವ್ರೆ. ಎಷ್ಟ್ ಕೂಗಿದ್ರೂ ತಿರುಗ್ಲಿಲ್ವಂತೆ. ಬಂದು ಕರ್ಕೊಂಡ್ಹೋಗು."

ಲೋಲಾಗೆ ಏನೂ ಆಗಿಲ್ಲ. ಲೋಲಾಗೆ ಏನೂ ಆಗುವುದೂ ಇಲ್ಲ, ಬಂದವಳು ಅವಳಿಗಾಗಿ ಬಂದವಳೇ ಅಲ್ಲ, ತನ್ನ ಶವದ ಪಕ್ಕ ಕೂತು ನೆಂಟಳಾದವಳಿಗಾಗಿ ಬಂದವಳು. ಹಿಂದೆ ಕುರ್ಚಿಯಿಂದ ಯಾರೋ ಎದ್ದರು. ತಣ್ಣನೆಯ ಬೆರಳುಗಳು ಭುಜದ ಮೇಲಿಂದ ಬಂದು, ಅಂಗಡಿಯಲ್ಲಿ ಬಿಟ್ಟು ಬಂದಿದ್ದ ರಿಬ್ಬನ್ನನ್ನು ಇಸಾಯ್‌ಳ ಎದೆಗೆ ಮತ್ತೆ ಚುಚ್ಚಿದವು.