ಅಪ್ಪನ ಕಾಲದ ಬೆಲೆಗೆ ಒಂದು ಮಂಚ

ಲೆಕ್ಕದಲ್ಲಿ ನಾನು ಅಷ್ಟಕ್ಕಷ್ಟೇ; ಬೆಲೆಯ ಕಥೆ ಹೇಳಲು ಹೊರಟಿದ್ದಕ್ಕೆ ಕ್ಷಮೆಯಿರಲಿ.

ನಮ್ಮತ್ತೆಗೆ ತಮ್ಮಪ್ಪನ ಮಂಚದಂಥದ್ದೇ ಇನ್ನೊಂದು ಬೇಕಿತ್ತು. ಬಡಗಿ ಹೇಳಿದ ಬೆಲೆ ಕೇಳಿ ಹೌಹಾರಿದರು.

"ಆ ಮಂಚಾನ ನಿಮ್ಮಪ್ಪ ಇದರ ಹತ್ತರಲ್ಲೊಂದು ಪಾಲಿಗೆ ಮಾಡಿಕೊಟ್ಟಿದ್ದ ಕಣಯ್ಯ."

"ನಾನೂ ಅದೇ ಬೆಲೆಗೆ ಮಾಡ್ತೀನಮ್ಮ. ಆದ್ರೆ ಅಪ್ಪನ ಹಾಗೇ, ಕೆಲಸ ಮುಗಿಯೋವರೆಗೂ ನಿಮ್ಮನೇಲೇ ಊಟ."

ಅತ್ತೆ ಗೆದ್ದವರಂತೆ ಒಪ್ಪಿದರು.

ಬಡಗಿ ಬೆಳಿಗ್ಗೆ ಒಂದಿಷ್ಟು ಮರ ಉಜ್ಜುತ್ತಾನೆ, ಮಧ್ಯಾಹ್ನ ಗಡದ್ದಾಗಿ ಉಂಡು ಹಲಗೆಗೆ ಒರಗಿ ಗೊರಕೆ ಹೊಡೆಯುತ್ತಾನೆ.

"ಮಂಚ ಯಾವಾಗಪ್ಪಾ?" ಎಂದರು ಮಾವ.

"ಅವಸರ ಮಾಡಿದ್ರೆ ಕೈಕೆಲಸ ಕೆಡುತ್ತೆ ಯಜಮಾನ್ರೇ. ಅನ್ನ ಇನ್ನೊಂಚೂರು ಬರಲಿ."

ತಿಂಗಳು ಕಳೆದು ಮಂಚಕ್ಕೆ ಮೂರು ಕಾಲು ಬಂದಿವೆ. ಸಾಕು ನಿಲ್ಲಿಸು ಅನ್ನಲು ಅತ್ತೆಗೆ ಮರ್ಯಾದೆ ಅಡ್ಡ. ಅಕ್ಕಿ ಎಷ್ಟು ಖಾಲಿಯಾಗಿದೆ ನೋಡೋಣವೆಂದರೆ ಡಬ್ಬದ ಹತ್ತಿರ ಅವರು ಯಾರನ್ನೂ ಬಿಡುತ್ತಿಲ್ಲ. ಹಾಗಾಗಿ ಯಾವ ಬೆಲೆ ಅಗ್ಗವೆಂದು ನನಗೆ ನಿಜಕ್ಕೂ ಗೊತ್ತಿಲ್ಲ.