ಮಲಪ್ಪುರಂನ ಎಂಟು ವರ್ಷ

1956ರ ನವೆಂಬರ್ ಒಂದರ ಬೆಳಗ್ಗೆ ಹೆಡ್ ಕಾನ್‌ಸ್ಟೇಬಲ್ ಮೋಹನದಾಸ ಆಳ್ವ ಮಂಗಳೂರಿನ ಅತ್ತಾವರದ ಮನೆಯಿಂದ ಎಂದಿನ ದಾರಿಯಲ್ಲೇ ಠಾಣೆಗೆ ನಡೆದ. ಹಿಂದಿನ ದಿನದವರೆಗೆ ಅವನು ಮದ್ರಾಸ್ ರಾಜ್ಯದ ಪೊಲೀಸ್. ಆ ಬೆಳಗ್ಗಿನಿಂದ ಮೈಸೂರು ರಾಜ್ಯದವನು. ಊರು, ಠಾಣೆ, ಪೇಟೆಯ ಕಳ್ಳರು ಎಲ್ಲ ಹಳಬರೇ. ಭುಜದ ಮೇಲಿನ ಹಿತ್ತಾಳೆಯ ಅಕ್ಷರಗಳು ಬದಲಾಗಲು ನಾಲ್ಕು ತಿಂಗಳು ಹಿಡಿಯಿತು. ಕಾಗದಪತ್ರಗಳಿಗೆ ಅದಕ್ಕಿಂತ ಹೆಚ್ಚು ಬೇಕಾಯಿತು.

ಮದ್ರಾಸಿನಿಂದ ಬಂದ ಪ್ರತಿಯೊಬ್ಬ ಪೊಲೀಸನ ಹಳೆಯ ಸೇವೆ, ತರಬೇತಿ, ಪಾಸಾದ ಪರೀಕ್ಷೆಗಳನ್ನು ಪರಿಶೀಲಿಸಿ ಹೊಸ ರಾಜ್ಯದಲ್ಲಿ ಮಾನ್ಯ ಮಾಡಬೇಕಿತ್ತು. ಆ ಕೆಲಸಕ್ಕೆಂದು ಮೈಸೂರು ಕಡೆಯಿಂದ ಶಿವನಂಜಪ್ಪ ಎಂಬ ಹೆಡ್ ಕ್ಲಾರ್ಕ್ ಬಂದಿದ್ದರು. ಮಂಗಳೂರಿನ ಸೆಕೆಗೆ ಅವರು ಕೋಟನ್ನು ಕುರ್ಚಿಗೆ ತೊಡಿಸಿ, ತಾವು ಬರೇ ಅಂಗಿಯಲ್ಲಿ ಕುಳಿತು ಫೈಲು ನೋಡುತ್ತಿದ್ದರು. 1957ರ ಫೆಬ್ರವರಿಯ ಒಂದು ಮಧ್ಯಾಹ್ನ ಅವರು ಮೋಹನದಾಸನನ್ನು ಕರೆಸಿದರು.

"ಏನ್ರೀ ಆಳ್ವ, ನಿಮ್ಗೆ ಅಪ್ಪಂದಿರು ಎಷ್ಟು ಜನ?"

ಪಕ್ಕದ ಮೇಜಿನವರು ತಲೆ ಎತ್ತಿದರು. ಮೋಹನದಾಸ ಅಟೆನ್ಷನ್‌ನಲ್ಲಿ ನಿಂತಿದ್ದ. "ಒಬ್ಬರೇ ಸಾರ್."

"ಹಾಗಾದ್ರೆ ನೀವೇ ಇಬ್ರು ಇರ್ಬೇಕು. ನೋಡಿ."

ಮೇಜಿನ ಮೇಲೆ ಎರಡು ದಾಖಲೆಗಳಿದ್ದವು. ಒಂದು, 1942ರಿಂದ 1950ರವರೆಗೆ ಮಲಪ್ಪುರಂನ ಮಲಬಾರ್ ಸ್ಪೆಷಲ್ ಪೊಲೀಸ್‌ನಲ್ಲಿ ಮಾಡಿದ ಸೇವೆಯ ಬಿಡುಗಡೆ ಪತ್ರ. ಕವಾಯತು ಬೋಧಕನ ಪರೀಕ್ಷೆಯಲ್ಲಿ ಮೊದಲ ದರ್ಜೆ ಎಂದು ಅದರಲ್ಲಿತ್ತು. ತಂದೆಯ ಹೆಸರು ತ್ಯಾಂಪಣ್ಣ ಆಳ್ವ. ಇನ್ನೊಂದು, 1950ರಲ್ಲಿ ಜಿಲ್ಲಾ ಪೊಲೀಸಿಗೆ ಸೇರಿದಾಗಿನ ಸೇವಾ ಪುಸ್ತಕ; ಅಲ್ಲಿ ತಂದೆಯ ಹೆಸರು ದೂಮಣ್ಣ ರೈ.

"ತ್ಯಾಂಪಣ್ಣ ಆಳ್ವರು ನನ್ನ ಸೋದರಮಾವ ಸಾರ್. ನಮ್ಮದು ಅಳಿಯಸಂತಾನ. ಮನೆಗೆ ಯಜಮಾನರು ಅವರೇ."

"ಯಜಮಾನರ ಹೆಸರು ಕೇಳಿಲ್ಲವಲ್ರೀ ಇಲ್ಲಿ. ಅಪ್ಪನ ಹೆಸರು ಕೇಳಿದ್ದಾರೆ."

ಹೇಳುವಂಥದ್ದು ಹೆಚ್ಚೇನೂ ಇರಲಿಲ್ಲ. ಅಳಿಯಸಂತಾನದ ರೂಢಿಯಂತೆ ಮೋಹನದಾಸ ತಾಯಿಯ ಕಡೆಯ ಮನೆತನದವನು. ಆಳ್ವ ಎಂಬುದು ಆ ಕಡೆಯಿಂದ ಬಂದದ್ದು. ಬೆಳೆದದ್ದು, ಓದಿದ್ದು, ಪೆಟ್ಟು ತಿಂದದ್ದು ಮಾವನ ಮನೆಯಲ್ಲಿ. ಯಾರ ಹುಡುಗ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ಮಾವನ ಹೆಸರು ಹೇಳಿ ಅಭ್ಯಾಸ. 1942ರಲ್ಲಿ ಮಂಗಳೂರಿನ ಮೈದಾನದಲ್ಲಿ ಭರ್ತಿ ನಡೆದಾಗ ಮಾವ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಫಾರಮಿನಲ್ಲಿ 'ತಂದೆ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಎಂಟನೆಯ ತರಗತಿ ಮುಗಿಸಿದ್ದ ಮೋಹನದಾಸ ಅದನ್ನು ಓದಿ, ಅರ್ಥ ತಿಳಿದೇ, ಮಾವನ ಹೆಸರು ಬರೆದ. 1950ರ ಹೊತ್ತಿಗೆ ಮಾವ ತೀರಿಹೋಗಿದ್ದರು. ಆಗಿನ ಗುಮಾಸ್ತರು ಶಾಲೆಯ ಸರ್ಟಿಫಿಕೇಟ್ ನೋಡಿ ತಂದೆಯ ಹೆಸರನ್ನು ಇಳಿಸಿಕೊಂಡರು.

ಸಬ್ ಇನ್ಸ್‌ಪೆಕ್ಟರ್ ಪಟ್ಟಿಗೆ ಹೆಸರು ಹೋಗಬೇಕಾದರೆ ಹದಿನೈದು ವರ್ಷದ ಸೇವೆ ಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಪಟ್ಟಿ ಮಾರ್ಚ್ ಕೊನೆಗೆ ಮುಚ್ಚುತ್ತಿತ್ತು. ಮೋಹನದಾಸನಿಗೆ ಜೂನ್‌ನಲ್ಲಿ ಮೂವತ್ತೈದು ತುಂಬುತ್ತದೆ. ಮಲಪ್ಪುರಂನ ಎಂಟು ವರ್ಷ ಸೇರಿದರೆ ಅವನದು ಸರಿಯಾಗಿ ಹದಿನೈದು. ಸೇರದಿದ್ದರೆ ಏಳೇ; ಅದರ ಮೇಲೆ ಮೀಸೆ ಬಾರದ ಹುಡುಗರ ಸಾಲಿನಲ್ಲಿ ನಿಂತು ಕವಾಯತನ್ನು ಮೊದಲಿನಿಂದ ಪಾಸು ಮಾಡಬೇಕು.

"ಒಬ್ಬನೇ ಅಂತ ಸಾಬೀತು ಮಾಡಿ, ಆಮೇಲೆ ನೋಡೋಣ," ಎಂದರು ಶಿವನಂಜಪ್ಪ.

ಸಾಬೀತು ಕಷ್ಟವಾಗಲಿಲ್ಲ. ಎರಡು ದಾಖಲೆಗಳಲ್ಲೂ ಎಡಗೈ ಹೆಬ್ಬೆಟ್ಟಿನ ಗುರುತಿತ್ತು. ಠಾಣೆಯ ಬರಹದ ಕೆಲಸದ ಕಾನ್‌ಸ್ಟೇಬಲ್ ಅದ್ದು ಬೆರಳಗುರುತು ಓದುವ ತರಬೇತಿ ಪಡೆದವನು; ಬಂದರಿನ ಬ್ಯಾರಿ ವ್ಯಾಪಾರಿಯ ಮಗ, ಅಂಗಡಿ ಬೇಡವೆಂದು ಪೊಲೀಸಿಗೆ ಬಂದವನು. ಅವನು ಭೂತಕನ್ನಡಿ ಹಿಡಿದು, ಸೂಜಿಯ ಮೊನೆಯಿಂದ ಗೆರೆಗಳನ್ನು ಎಣಿಸಿದ. ನಡುವಿನ ಸುಳಿಯಿಂದ ಬದಿಯ ತ್ರಿಕೋನದವರೆಗೆ ಇದರಲ್ಲೂ ಹದಿನಾಲ್ಕು, ಅದರಲ್ಲೂ ಹದಿನಾಲ್ಕು. ಒಂದು ಗೆರೆ ಕವಲೊಡೆಯುವ ಜಾಗವೂ ಒಂದೇ. ಮೂರು ಸಲ ಎಣಿಸಿ ವರದಿ ಬರೆದು ಸಹಿ ಹಾಕಿದ.

ಶಿವನಂಜಪ್ಪ ವರದಿ ಓದಿ ಕನ್ನಡಕ ತೆಗೆದರು.

"ಸರಿ, ಒಬ್ರೇ. ಈಗ ಇನ್ನೂ ಕಷ್ಟ ಆಯ್ತಲ್ರೀ. ಇಬ್ರಾಗಿದ್ರೆ ಇಬ್ರೂ ನಿಜ ಹೇಳಿದ್ದಾರೆ ಅಂತಿತ್ತು. ಒಬ್ರೇ ಆದ್ಮೇಲೆ ಒಂದು ಸಲ ಸುಳ್ಳು ಬರೆದಿದ್ದೀರಿ. ಭರ್ತಿ ಆಗುವಾಗ ತಪ್ಪು ಮಾಹಿತಿ ಕೊಟ್ಟವರ ಮೇಲೆ ಕ್ರಮ ತಗೋಬೇಕು."

ಈ ತರ್ಕದಲ್ಲಿ ಮೋಹನದಾಸನಿಗೆ ದೋಷ ಕಾಣಲಿಲ್ಲ. ಹೆಡ್ ಕ್ಲಾರ್ಕ್ ಫೈಲನ್ನು ಬದಿಗೆ ಸರಿಸಿ ಧ್ವನಿ ತಗ್ಗಿಸಿದರು. ಕೆಟ್ಟ ಮನುಷ್ಯರಲ್ಲ ಅವರು. "ಒಂದು ದಾರಿ ಇದೆ. ದೂಮಣ್ಣ ರೈ ಉರ್ಫ್ ತ್ಯಾಂಪಣ್ಣ ಆಳ್ವ ಅಂತ ಒಂದು ಅಫಿಡವಿಟ್ ಮಾಡಿಸಿ. ಒಬ್ಬ ಮನುಷ್ಯನಿಗೆ ಎರಡು ಹೆಸರು, ಎಷ್ಟು ಜನಕ್ಕಿಲ್ಲ? ನಿಮ್ಮ ತಾಯಿ ಹೌದು ಅಂತ ಹೆಬ್ಬೆಟ್ಟು ಒತ್ತಿದ್ರೆ ಸಾಕು. ನಾನು ಫೈಲ್ ಮುಚ್ತೀನಿ."

ಹೊರಗೆ ಅದ್ದು ಕಾಯುತ್ತಿದ್ದ. ವಿಷಯ ಕೇಳಿ ಹೇಳಿದ, "ಒಳ್ಳೆದಾಯ್ತಲ್ಲ ಮಾರಾಯ್ರೇ. ಇಬ್ಬರೂ ತೀರಿಹೋದವರು. ಅವರಿಗೆ ಎಂತ ನಷ್ಟ? ನಿಮಗೆ ಹೆಗಲ ಮೇಲೆ ಎರಡು ನಕ್ಷತ್ರ. ನಾನೂ ಸೆಲ್ಯೂಟ್ ಹೊಡಿತೇನೆ, ಮನಸ್ಸಿಲ್ಲದಿದ್ರೂ."

"ನೀನು ಈಗಲೇ ಹೊಡಿಯಬೇಕು. ನಾನು ಹೆಡ್ ಕಾನ್‌ಸ್ಟೇಬಲ್."

"ಅದು ಸೆಲ್ಯೂಟ್ ಕೊಡುವಷ್ಟು ದೊಡ್ಡ ಕೆಲಸ ಅಲ್ಲ," ಎಂದ ಅದ್ದು.

ವಕೀಲರ ಗುಮಾಸ್ತ ಅಫಿಡವಿಟ್ ಬರೆದುಕೊಟ್ಟ. ಆದಿತ್ಯವಾರ ಮಧ್ಯಾಹ್ನ ಮೋಹನದಾಸ ಅದನ್ನು ತಾಯಿ ಸುಂದರಿಗೆ ಓದಿ ಹೇಳಿದ. ಅವಳು ಗೆರಸೆಯಲ್ಲಿ ಕುಚ್ಚಲಕ್ಕಿ ಹರಡಿ ಕಲ್ಲು ಆರಿಸುತ್ತಿದ್ದಳು. ಓದು ಮುಗಿಯುವವರೆಗೂ ಕೈ ನಿಲ್ಲಲಿಲ್ಲ.

"ತ್ಯಾಂಪಣ್ಣ ನನ್ನ ಅಣ್ಣ, ಮಗಾ. ಅವನನ್ನು ನನ್ನ ಗಂಡ ಅಂತ ಬರೆದು ನಾನು ಹೆಬ್ಬೆಟ್ಟು ಒತ್ತುವುದಾ?"

"ಹಾಗೆ ಬರೆದಿಲ್ಲ ಅಮ್ಮ. ಎರಡು ಹೆಸರೂ ಒಬ್ಬರದ್ದೇ ಅಂತ ಮಾತ್ರ ಉಂಟು."

"ಅದಕ್ಕೂ ಇದಕ್ಕೂ ಎಂತ ವ್ಯತ್ಯಾಸ?"

ಅವನು ಯೋಚಿಸಿದ. ವ್ಯತ್ಯಾಸ ಇರಲಿಲ್ಲ. "ಕಾಗದಕ್ಕೆ ಮಾತ್ರ," ಎಂದ.

"ಮೈದಾನದಲ್ಲಿ ನೀನು ಬರೆದದ್ದೂ ಕಾಗದಕ್ಕೇ." ಅವಳು ಒಂದು ಕಲ್ಲನ್ನು ಬದಿಗಿಟ್ಟಳು. "ಆ ದಿನ ಅವರೂ ಬಂದಿದ್ರು. ನಿನಗೆ ಗೊತ್ತುಂಟಾ?"

ಗಂಡನ ಹೆಸರನ್ನು ಅವಳು ಎಂದೂ ಬಾಯಲ್ಲಿ ಹೇಳಿದವಳಲ್ಲ. "ಯಾರು, ಅಪ್ಪನಾ? ನಾನು ನೋಡಲಿಲ್ಲ."

"ಬಜಪೆಯಿಂದ ನಡೆದುಕೊಂಡು ಬಂದಿದ್ರು. ನಿನ್ನ ಮಾವ ಇದ್ದಾನಲ್ಲ ಅಂತ ದೂರ ನಿಂತ್ರು. ಆಮೇಲೆ ಅಣ್ಣ ಊರಿಡೀ ಹೇಳಿದ, ಹುಡುಗ ನನ್ನ ಹೆಸರೇ ಬರೆದ ಅಂತ. ಇವರ ಕಿವಿಗೂ ಬಿತ್ತು. 'ಹುಡುಗನಿಗೆ ಕೆಲಸ ಆಯಿತಲ್ಲ' ಅಂದ್ರು. ಅಷ್ಟೇ. ಊಟಕ್ಕೆ ಕೂತವರು ಎದ್ದುಬಿಟ್ರು."

ಮೋಹನದಾಸ ಕಾಗದವನ್ನು ಮಡಚಲೂ ಇಲ್ಲ, ಮುಂದೆ ಚಾಚಲೂ ಇಲ್ಲ.

"ಆಗ ನೀನು ಹುಡುಗ. ನಾನೂ ಏನೂ ಹೇಳಲಿಲ್ಲ," ಎಂದಳು ಸುಂದರಿ. "ಶಾಲೆಯ ಕಾಗದ ಬಿಟ್ರೆ ಅವರ ಹೆಸರು ಇರುವುದು ಈಗ ಒಂದೇ ಕಡೆ, ನಿನ್ನ ಎರಡನೇ ಕೆಲಸದ ಪುಸ್ತಕದಲ್ಲಿ. ಅದನ್ನೂ ಅಣ್ಣನದ್ದೇ ಇನ್ನೊಂದು ಹೆಸರು ಅಂತ ಮಾಡಿದ್ರೆ, ಹಾಗೊಬ್ಬರು ಇದ್ದದ್ದೇ ಇಲ್ಲ ಅಂತಾಯ್ತು. ನಿನಗೆ ಬೇಕಾದ್ರೆ ಹೇಳು. ನಾನು ಒತ್ತುತ್ತೇನೆ. ನನ್ನ ಮಾತು ಕೇಳಿ ನಿನ್ನ ಕೆಲಸ ಹಾಳಾಯ್ತು ಅಂತ ನಾಳೆ ಹೇಳಬೇಡ."

ಅವಳು ಮತ್ತೆ ಅಕ್ಕಿಗೆ ಬಗ್ಗಿದಳು. ಅವನು ಎದ್ದು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತ. ಬಜಪೆಯ ತಮ್ಮ ಮನೆಯಲ್ಲೇ ಇದ್ದ ತಂದೆ ತಿಂಗಳಿಗೊಮ್ಮೆ ಮಾವನ ಮನೆಗೆ ಬಂದಾಗ ಚಾವಡಿಯಲ್ಲಿ ಮಾವ ಕೂರು ಎನ್ನುವವರೆಗೆ ನಿಂತೇ ಇರುತ್ತಿದ್ದರು. ಅವರ ಬಗ್ಗೆ ಅವನಿಗೆ ಸ್ಪಷ್ಟವಾಗಿ ನೆನಪಿದ್ದದ್ದು ಇದೊಂದೇ. ಮೂವತ್ತೈದು ವರ್ಷಕ್ಕೆ ಇದು ಬಹಳ ಕಡಿಮೆ ಎಂದು ಅವನಿಗೆ ಅನಿಸಿತು. ಸಂಜೆ ಅಫಿಡವಿಟನ್ನು ಹರಿದು ಒಲೆಗೆ ಹಾಕಿದ. ತಾಯಿ ನೋಡಿದಳು.

ಮರುದಿನ ಅವನು ಶಿವನಂಜಪ್ಪನವರ ಮೇಜಿನ ಮೇಲೆ ಒಂದು ಹಾಳೆ ಇಟ್ಟ. ಅದರಲ್ಲಿ ನಾಲ್ಕೇ ವಾಕ್ಯಗಳಿದ್ದವು. ತನ್ನ ತಂದೆ ದಿವಂಗತ ದೂಮಣ್ಣ ರೈ. ತ್ಯಾಂಪಣ್ಣ ಆಳ್ವ ತನ್ನ ತಾಯಿಯ ಅಣ್ಣ. 1942ರ ಫಾರಮಿನಲ್ಲಿ ತಂದೆಯ ಹೆಸರನ್ನೇ ಕೇಳಿದ್ದಾರೆಂದು ತಿಳಿದಿದ್ದೂ ತಾನು ಮಾವನ ಹೆಸರು ಬರೆದದ್ದು. ಇದಕ್ಕೆ ಬೇರೆ ಯಾರೂ ಕಾರಣರಲ್ಲ.

"ತಿಳಿದಿದ್ದೂ ಅಂತ ಯಾಕ್ರೀ ಹಾಕ್ತೀರಾ? ತಿಳಿಯದೆ ಅಂತ ಹಾಕಿ. ಅಷ್ಟರಿಂದಾದ್ರೂ ಉಳೀತೀರಿ."

"ತಿಳಿದಿತ್ತು ಸಾರ್."

"ಪಟ್ಟಿಗೆ ಹೋಗಲ್ಲ ನಿಮ್ಮ ಹೆಸರು. ಗೊತ್ತಲ್ವಾ?"

"ಗೊತ್ತುಂಟು."

ಶಿವನಂಜಪ್ಪ ಹಾಳೆಯನ್ನು ಇನ್ನೊಮ್ಮೆ ಓದಿ, ಮೊಹರು ಒತ್ತಿ, ತಾರೀಖು ಹಾಕಿದರು. "ನಿಮ್ಮ ಊರಿನವರನ್ನ ನಂಗೆ ಅರ್ಥ ಮಾಡ್ಕೊಳ್ಳೋಕಾಗಲ್ಲ," ಎಂದರು, ಬೈಯುವ ಧ್ವನಿಯಲ್ಲಲ್ಲ.

ಆದೇಶ ಮೇ ತಿಂಗಳಲ್ಲಿ ಬಂತು. ಮಲಪ್ಪುರಂನ ಎಂಟು ವರ್ಷವನ್ನೂ ಕವಾಯತು ಬೋಧಕನ ಅರ್ಹತೆಯನ್ನೂ ಮೈಸೂರು ರಾಜ್ಯದ ಸೇವೆಯಲ್ಲಿ ಮಾನ್ಯ ಮಾಡಲಾಗಿತ್ತು. ತಪ್ಪು ಮಾಹಿತಿಗಾಗಿ ಎರಡು ವರ್ಷ ಬಡ್ತಿ ತಡೆಹಿಡಿಯಲಾಗಿತ್ತು. ಮಾರ್ಚ್‌ನ ಪಟ್ಟಿ ಆಗಲೇ ಮುಚ್ಚಿತ್ತು. ಎರಡು ವರ್ಷ ಕಳೆದ ಮೇಲೆ ವಯಸ್ಸು ಮೀರಿರುತ್ತಿತ್ತು.

ಅದ್ದು ಆದೇಶವನ್ನು ಮೇಲಿಂದ ಕೆಳಗೆ ಓದಿ ಹಿಂದಕ್ಕೆ ಕೊಟ್ಟ. "ಎಂಟು ವರ್ಷ ಕೊಟ್ಟು, ಮುಂದಿನ ಇಪ್ಪತ್ತು ವರ್ಷ ಇಟ್ಟುಕೊಂಡ್ರು." ಟೊಪ್ಪಿ ಹಾಕಿಕೊಂಡು, "ಚಾ ಕುಡಿವನಾ ಆಳ್ವರೇ?" ಎಂದ. ಇಬ್ಬರೂ ಹಂಪನಕಟ್ಟೆಯ ಕಡೆಗೆ ನಡೆದರು.

ಬೋಧಕನ ಅರ್ಹತೆ ಮಾನ್ಯವಾದದ್ದರಿಂದ ಮುಂದಿನ ವರ್ಷಗಳಲ್ಲಿ ಜಿಲ್ಲೆಗೆ ಬಂದ ಎಳೆಯ ಸಬ್ ಇನ್ಸ್‌ಪೆಕ್ಟರ್ ಅಭ್ಯರ್ಥಿಗಳ ಕವಾಯತು ಮೋಹನದಾಸನ ಪಾಲಿಗೆ ಬಂತು. ಬೆಳಗ್ಗೆ ಆರಕ್ಕೆ ಮೈದಾನದಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ, ಹೆಜ್ಜೆಯ ಅಳತೆ, ಕೈಯ ಎತ್ತರ, ಕತ್ತಿನ ನೇರ ಒಂದೊಂದನ್ನೂ ತಿದ್ದುತ್ತಿದ್ದ. ಆರು ವಾರ ಕಳೆದ ಮೇಲೆ ಅವರು ಅಧಿಕಾರಿಗಳಾಗಿ ಹೊರಡುತ್ತಿದ್ದರು. 1961ರಲ್ಲಿ ಅವರಲ್ಲೊಬ್ಬ, ಚಿತ್ತರಂಜನ ಎಂಬವನು, ಮೋಹನದಾಸನದೇ ಠಾಣೆಗೆ ಸಬ್ ಇನ್ಸ್‌ಪೆಕ್ಟರ್ ಆಗಿ ಬಂದ. ಜೀಪಿನಿಂದ ಇಳಿದವನ ಮುಂದೆ ಮೋಹನದಾಸ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಕೊಟ್ಟ. ಚಿತ್ತರಂಜನ ತಿರುಗಿ ಸೆಲ್ಯೂಟ್ ಮಾಡಿದ. ಅವನ ಮೊಣಕೈ ಎರಡು ಅಂಗುಲ ಕೆಳಗಿತ್ತು. ಮೋಹನದಾಸ ಅದನ್ನು ಗಮನಿಸಿದ, ಹೇಳಲಿಲ್ಲ. ಅವನಿಗಾಗಿ ಠಾಣೆಯ ಬಾಗಿಲು ತೆರೆದು ಹಿಡಿದ.