ಪಾಲುದಾರರ ಪೊರಕೆ

"ಆ ಮುದುಕೀನ ಹಿಂದೆ ಕೂರ್ಸು. ಅವಳ ಕೈ ಫೋಟೋದಲ್ಲಿ ಬಂದ್ರೆ ಅಸಹ್ಯವಾಗಿರುತ್ತೆ," ಎಂದ ಇಲಾಖೆಯ ಅಧಿಕಾರಿ.

ಮುದುಕಿ ನನ್ನ ಅತ್ತೆ. ಜೀವಮಾನವೆಲ್ಲ ಪೊರಕೆ ಕಟ್ಟಿ ಆ ಕೈ ಬಿರುಕು ಬಿಟ್ಟಿದೆ. ನನಗೆ ಕಟ್ಟು ಬಿಗಿಯಲು ಕಲಿಸಿದ್ದೂ ಅದೇ ಕೈ. ಅವಳನ್ನು ಕೊನೆಯ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ನಾಚಿಕೆಗೆಟ್ಟವಳು ನಾನು.

ಮತ್ತೇನು ಮಾಡಲಿ? ಕಂಪನಿಯ ಪ್ಲಾಸ್ಟಿಕ್ ಪೊರಕೆ ಬಂದ ಮೇಲೆ ಅಂಗಡಿಯವರು ನಮ್ಮದನ್ನು ಮೂಸಿಯೂ ನೋಡುತ್ತಿರಲಿಲ್ಲ. ಈಗ ಸರ್ಕಾರವೇ ನಡುವೆ ನಿಂತು, ಅದೇ ಕಂಪನಿ ನಮ್ಮ ಪೊರಕೆ ಕೊಂಡು ತನ್ನ ಹೆಸರಿನಲ್ಲಿ ಮಾರುವಂತೆ ಒಪ್ಪಂದ ಮಾಡಿಸುತ್ತಿತ್ತು. ಇವತ್ತು ವೇದಿಕೆಯ ಮೇಲೆ ಸಹಿ, ನಮ್ಮವರ ಪರವಾಗಿ ನನ್ನದು. ಆಗದಿದ್ದರೆ ನಾವು ಪೊರಕೆ ಕಟ್ಟುವ ಶೆಡ್ಡಿಗೆ ಬೀಗ. ಹೊಟ್ಟೆ ಕೇಳಬೇಕಲ್ಲ.

ಮೈಕಿನಲ್ಲಿ ಅಧಿಕಾರಿ, "ದೊಡ್ಡವರು, ಚಿಕ್ಕವರು ಇನ್ಮೇಲೆ ಸಮಾನ ಪಾಲುದಾರರು," ಎಂದು ಚಪ್ಪಾಳೆ ಹೊಡೆಸಿಕೊಂಡ. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ, "ಏ, ಸಹಿ ಆಮೇಲೆ. ಕಂಪನಿ ಸಾಹೇಬ್ರ ಕಾಲ್ಹತ್ರ ಸ್ವಲ್ಪ ಗುಡಿಸು. ಫೋಟೋ ಬೇಕು," ಎಂದ.

ಗುಡಿಸಿದೆ. ಹೊಸ ಹುಲ್ಲಿನ ಪೊರಕೆಯನ್ನು ಕಲ್ಲಿಗೆ ಬಡಿದು ಹೊಟ್ಟು ಉದುರಿಸದೆ ನಾವು ಯಾರ ಕೈಗೂ ಕೊಡುವುದಿಲ್ಲ. ಬಡಿದರೆ ಅಂದ ಕೆಡುತ್ತೆ, ಹಾಗೇ ತಾ ಎಂದವನು ಈ ಅಧಿಕಾರಿಯೇ. ತಂದಿದ್ದೆ. ಗುಡಿಸಿದಷ್ಟೂ ಹೊಟ್ಟು ಉದುರಿ ಕಂಪನಿ ಸಾಹೇಬನ ಬೂಟಿನ ಮೇಲೆ ಕೂತಿತು.

"ಇದೇನ್ರೀ, ಕಸ ಹೊಡೆಯೋದೋ, ಕಸ ಹಾಕೋದೋ?" ಎಂದು ಸಾಹೇಬ ನಕ್ಕ. ಸಭೆಯೂ ನಕ್ಕಿತು. ನಾನೂ ಹಲ್ಲು ಕಿರಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬೂಟು ಒರೆಸೇ, ಮೂದೇವಿ," ಎಂದ ಅಧಿಕಾರಿ, ಹಲ್ಲು ಕಚ್ಚಿ.

ಒರೆಸಲು ಬಗ್ಗಿದೆ. ಅಷ್ಟರಲ್ಲಿ ಬಿರುಕು ಬಿಟ್ಟ ಕೈಯೊಂದು ಪೊರಕೆ ಕಿತ್ತುಕೊಂಡಿತು. ಅತ್ತೆ ಯಾವಾಗ ಮೆಟ್ಟಿಲು ಹತ್ತಿ ಬಂದಳೋ! ವೇದಿಕೆಯ ಅಂಚಿಗೆ ಪೊರಕೆಯನ್ನು ಪಟಪಟ ಬಡಿದು, ಹೊಟ್ಟೆಲ್ಲ ಉದುರಿಸಿ, ಸಾಹೇಬನ ಮುಂದೆ ಹಿಡಿದಳು.

"ತಗೊಳಪ್ಪ. ನೀನೂ ಪಾಲುದಾರ ಅಂತಲ್ಲ. ಅರ್ಧ ನನ್ನ ಸೊಸೆ ಗುಡಿಸಿದ್ಲು, ಇನ್ನರ್ಧ ನೀನು ಗುಡಿಸು."

ಸಾಹೇಬ ಕೈ ಹಿಂದಕ್ಕೆಳೆದುಕೊಂಡ. ಅತ್ತೆ ಪೊರಕೆ ಬಿಟ್ಟಳು. ಅದು ಅವನ ಕಾಲ ಬುಡದಲ್ಲಿ ಬಿತ್ತು.

"ಹಿಂದೆ ಕೂರ್ಸು ಅಂದಿದ್ನಲ್ಲ! ಯಾರೇ ಈ ಮುದಿ ಗೂಬೆ?" ಎಂದ ಅಧಿಕಾರಿ.

"ನಮ್ಮತ್ತೆ," ಎಂದೆ.

"ಎತ್ತು ಅದನ್ನ. ನಿಂಗೆ ಸಹಿ ಬೇಕೋ ಬೇಡ್ವೋ?"

ನನ್ನ ಬೆನ್ನು ತಾನೇ ಬಾಗಿತು. ಹಾಳು ಅಭ್ಯಾಸ. ಅತ್ತೆ ನನ್ನನ್ನೇ ನೋಡುತ್ತಿದ್ದಳು. ಅರ್ಧಕ್ಕೆ ತಡೆದೆ. ನೆಟ್ಟಗಾದೆ.

ಪೊರಕೆ ಅಲ್ಲೇ ಬಿದ್ದಿತ್ತು. ಯಾರಾದರೂ ಎತ್ತಲಿ ಎಂದು ವೇದಿಕೆಯ ಮೇಲಿದ್ದವರೆಲ್ಲ ಕಾಯುತ್ತಿದ್ದರು.